ಊರಿನ ಕೊಲ್ಲಿಗೆ ಕಟ್ಟಿದ ಕಿರು ಅಣೆಕಟ್ಟು: ಮಳೆಗಾಲದಲ್ಲಿ ಹಲಗೆ ಹಾಕಿರಬೇಕಾ, ತೆಗೆದಿಡಬೇಕಾ?

ಕೊಲ್ಲಿ ಪಕ್ಕದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೊಬೇಡಿ.

ನಮ್ಮೂರು ಕೊಡಗಿನ ನಾಪೋಕ್ಲು ಕಡೆ. ಊರಿನ ಮೇಲಿಂದ ಇಳಿಯುವ ಕೊಲ್ಲಿಗೆ (ಸಣ್ಣ ತೊರೆಗೆ) ಹೋದ ವರ್ಷ ಬೇಸಿಗೆಯಲ್ಲಿ ಒಂದು ಕಿರು ಅಣೆಕಟ್ಟು ಕಟ್ಟಿದರು. ಎತ್ತರ 18 ಅಡಿ, ಉದ್ದ 140 ಅಡಿ. ನಡುವೆ ಕಾಂಕ್ರೀಟು, ಎರಡೂ ಕಡೆ ಮಣ್ಣಿನ ಏರಿ. ಕಾಂಕ್ರೀಟಿನ ಮಧ್ಯೆ ತೂಬು. ಅದಕ್ಕೆ ಗೇಟಿಲ್ಲ, ಗಾಡಿಯಲ್ಲಿ, ಅಂದ್ರೆ ಎರಡೂ ಬದಿಯ ಸೀಳಿನಲ್ಲಿ, ಒಂದರ ಮೇಲೊಂದು ಇಳಿಸುವ ಹಲಗೆಗಳು. ಕಟ್ಟಿದ್ದು ಯಾಕೆ ಅಂದ್ರೆ, ಪ್ರತಿ ಕಕ್ಕಡದಲ್ಲೂ (ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳು) ಕೆಳಗಿನ ಮೋರಿ ಮುಳುಗಿ ರಸ್ತೆ ಬಂದ್ ಆಗ್ತಿತ್ತು, ತೋಟದ ಕೆಲಸದವರ ಲೈನ್ ಮನೆಗಳಿಗೆ ನೀರು ನುಗ್ತಿತ್ತು, ಗದ್ದೆಗೆ ಮರಳು ಹೊಡೀತಿತ್ತು. ಮೇಲೆ ನೀರು ತಡೆದು ನಿಧಾನಕ್ಕೆ ಬಿಟ್ಟರೆ ಕೆಳಗಿನವರು ಬಚಾವ್ ಅಂತ ಗ್ರಾಮಸಭೆಯಲ್ಲಿ ಹೇಳಿದ್ದರು. ನಾನೂ ಕೈ ಎತ್ತಿದ್ದೆ.

ಮೊದಲ ಮಳೆಗಾಲ ಹಲಗೆಯೇ ಬಂದಿರಲಿಲ್ಲ, ತೂಬು ತೆರೆದೇ ಇತ್ತು. ಮೋರಿ ಒಂದು ಸಲವೂ ಮುಳುಗಲಿಲ್ಲ. ಎಲ್ಲರೂ ಹೊಗಳಿದರು. ಈ ವರ್ಷ ಜನವರಿಯಲ್ಲಿ, ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸಲು ನೀರು ಬೇಕು ಅಂತ ಆರು ಹಲಗೆಯನ್ನೂ ಇಳಿಸಿದರು. ಕಾಫಿ ಹೂ ಚೆನ್ನಾಗಿ ಬಂತು. ಹಲಗೆ ಅಲ್ಲೇ ಉಳೀತು.

ಹದಿನೈದು ದಿನದ ಹಿಂದೆ ರಾತ್ರಿ ಮಳೆ ಜೋರಾಯ್ತಲ್ಲ, ಅಷ್ಟರಲ್ಲಿ ಕಟ್ಟೆ ಆಗಲೇ ತುಂಬಿ ಕೋಡಿ ಹರೀತಿತ್ತು. ಒಂದೂವರೆ ಗಂಟೆಗೆ ನಾಲ್ಕು ಜನ ಟಾರ್ಚು, ಹಾರೆ ಹಿಡ್ಕೊಂಡು ಹೋದೆವು. ಮೇಲಿನ ಒಂದು ಹಲಗೆ ಬಂತು. ಎರಡನೆಯದು ನೀರು ಕುಡಿದು ಉಬ್ಬಿ ಗಾಡಿಗೆ ಕಚ್ಚಿಕೊಂಡಿತ್ತು. ಹಿಂದಿನಿಂದ ನೀರಿನ ಒತ್ತಡ ಬೇರೆ. ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಹಲಗೆಯ ಕಿವಿಯೇ ಕಿತ್ತು ಬಂತು. ಮಳೆಗೂ ಹೊಳೆಗೂ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಬೆಳಿಗ್ಗೆ ನೋಡಿದ್ರೆ ಮೋರಿ ಮೇಲೆ ಎರಡಡಿ ನೀರು, ಬಲಗಡೆ ಏರಿಯ ಬುಡದಲ್ಲಿ ಒಂದು ಆಳು ಮಲಗುವಷ್ಟು ಮಣ್ಣು ಕೊಚ್ಚಿ ಹೋಗಿದೆ.

ಈಗ ಊರಲ್ಲಿ ಎರಡು ಪಕ್ಷ. ಒಬ್ಬರು ಅಣೆಕಟ್ಟೇ ದಂಡ ಅಂತಾರೆ. ಇನ್ನೊಬ್ಬರು ಇನ್ನೂ ಆರಡಿ ಎತ್ತರಿಸಿ ಅಂತಾರೆ. ಗೊತ್ತಿದ್ದವರು ಹೇಳಿ.

ಏಡಿ ಸಾರು

ಆರಡಿ ಎತ್ತರಿಸಿದ್ರೆ ಆರಡಿ ಹೆಚ್ಚು ನೀರು ತಲೆ ಮೇಲೆ, ಅಷ್ಟೇ 😀

ಕಣದ ಮನೆ

ನಮ್ಮದೂ ಅಂಥದ್ದೇ ಕೊಲ್ಲಿ ಪಕ್ಕದ ತೋಟ. ಹಲಗೆ ಹಾಕಿಸಿದವರನ್ನು ಬೈಯುವ ಮೊದಲು ಒಂದು ಮಾತು. ಫೆಬ್ರವರಿ ಮಾರ್ಚಲ್ಲಿ ರೊಬಸ್ಟಾ ಕಾಫಿಗೆ ಹೂ ಅರಳಿಸುವ ಬ್ಲಾಸಮ್ ನೀರು ಸಿಗದಿದ್ರೆ ಆ ವರ್ಷದ ಫಸಲೇ ಇಲ್ಲ. ಹೂವಾದ ಮೇಲೆ ಕಾಯಿ ಕಚ್ಚಲು ಬ್ಯಾಕಿಂಗ್ ಅಂತ ಇನ್ನೊಂದು ಸುತ್ತು ಬೇಕು. ಮಳೆ ಕೈ ಕೊಟ್ಟರೆ ಕಟ್ಟೆಯ ನೀರೇ ಗತಿ. ಊರಿನ ದುಡ್ಡಲ್ಲಿ ಕಟ್ಟಿದ ಕಟ್ಟೆ ಎಂಟು ತಿಂಗಳು ಬಾಯಿ ಬಿಟ್ಟುಕೊಂಡು ಖಾಲಿ ನಿಂತಿರಬೇಕಾ? ಪ್ರವಾಹಕ್ಕೂ ಆಗಲಿ, ತೋಟಕ್ಕೂ ಆಗಲಿ ಅಂತ ಕೇಳಿದರೆ ಅದರಲ್ಲಿ ತಪ್ಪೇನು?

ಹಳೇ ಟೇಪು

ನೀರಾವರಿ ಕೆಲಸದಲ್ಲೇ ತಲೆ ನರೆತವನು ನಾನು. ಕಣದ ಮನೆಯವರ ಪ್ರಶ್ನೆಯೇ ಇಡೀ ವಿಷಯದ ಬೇರು. ಅಲ್ಲಿಂದಲೇ ಶುರು ಮಾಡೋಣ.

ನೀರು ಕೂಡಿಡುವ ಕಟ್ಟೆ ತುಂಬಿದ್ದಷ್ಟೂ ಒಳ್ಳೆಯದು. ಪ್ರವಾಹ ತಡೆಯುವ ಕಟ್ಟೆ ಖಾಲಿ ಇದ್ದಷ್ಟೂ ಒಳ್ಳೆಯದು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊಯ್ದಷ್ಟೂ ಹೊರಗೇ. ಅದಕ್ಕೆ ಮಣ್ಣಿನ ಕೊಡವಾದರೇನು, ಹಾರಂಗಿ ಜಲಾಶಯವಾದರೇನು.

ಲೆಕ್ಕ ಒರಟಾಗಿ ಹೇಳ್ತೇನೆ. ಕೊಲ್ಲಿ ಪಕ್ಕದವರೇ, ಮಳೆನೀರು ಕೂಡಿ ಬರುವ ಜಾಗ ಎಷ್ಟು, ಹಿನ್ನೀರು ಎಷ್ಟು ಎಕರೆ ನಿಲ್ಲುತ್ತೆ?

ಕೊಲ್ಲಿ ಪಕ್ಕದವ

ಮೇಲಿನ ಗುಡ್ಡ, ತೋಟ, ಬಾಣೆ (ಮರ, ಹುಲ್ಲಿನ ಜಾಗ) ಎಲ್ಲ ಸೇರಿ ಎರಡು ಚದರ ಕಿಲೋಮೀಟರ್ ಅಂತ ಎಂಜಿನಿಯರ್ ಹೇಳಿದ್ದರು. ಹಿನ್ನೀರು ಮೂರು ಎಕರೆ. ಆಳ ಒಂದು ಕಡೆ ಹದಿನೈದಡಿ, ಮೇಲೆ ಹೋದ ಹಾಗೆ ಮೊಣಕಾಲುದ್ದ. ಸರಾಸರಿ ಎಂಟಡಿ ಅಂದ್ಕೊಳ್ಳಿ ಸಾರ್.

ಹಳೇ ಟೇಪು

ಹಾಗಾದ್ರೆ ಕಟ್ಟೆ ಹಿಡಿಯುವುದು ಸುಮಾರು 3 ಕೋಟಿ ಲೀಟರ್. ಕೇಳಲು ದೊಡ್ಡದು. ಆದರೆ ಒಂದು ಚದರ ಕಿಲೋಮೀಟರಿಗೆ ಒಂದು ಇಂಚು ಮಳೆ ಬಿದ್ದರೆ ಅದೇ ಎರಡೂವರೆ ಕೋಟಿ ಲೀಟರ್. ನಿಮ್ಮ ಎರಡು ಚದರ ಕಿಲೋಮೀಟರಿಗೆ ಐದು ಕೋಟಿ. ಕಕ್ಕಡದಲ್ಲಿ ಮಣ್ಣು ಮೊದಲೇ ನೆನೆದು ನಿಂತಿರುತ್ತೆ, ಹಾಗಾಗಿ ಬಿದ್ದದ್ದರಲ್ಲಿ ಹೆಚ್ಚಿನದು ಕೊಲ್ಲಿಗೇ. ದಿನಕ್ಕೆ 10 ಇಂಚು ಬಿದ್ದರೆ 50 ಕೋಟಿ ಲೀಟರ್. ನಿಮ್ಮ ಕಟ್ಟೆ ಅದರಲ್ಲಿ ನೂರಕ್ಕೆ ಆರು ಭಾಗ ಹಿಡಿದೀತು.

ಹಾಗಾದ್ರೆ ದಂಡ ಅಂತಲಾ? ಅಲ್ಲ. ಮೋರಿ ಮುಳುಗುವುದು ದಿನದ ಮಳೆಗಲ್ಲ, ಆ ಒಂದು ಗಂಟೆಯ ಮಳೆಗೆ. ಗಂಟೆಗೆ ಒಂದು ಇಂಚು ಹೊಡೆದರೆ ಕೊಲ್ಲಿಯಲ್ಲಿ ಸುಮಾರು 500 ಕ್ಯೂಸೆಕ್ (ಸೆಕೆಂಡಿಗೆ 500 ಘನ ಅಡಿ) ಬರುತ್ತೆ. ಹಲಗೆ ಪೂರ್ತಿ ತೆಗೆದ ತೂಬಿನಲ್ಲಿ 150 ಕ್ಯೂಸೆಕ್ ಹೋಗುತ್ತೆ ಅಂದ್ಕೊಳ್ಳೋಣ. ಉಳಿದದ್ದು ಕಟ್ಟೆಯಲ್ಲಿ ನಿಲ್ಲುತ್ತೆ. ಖಾಲಿ ಕಟ್ಟೆ ತುಂಬಲು ಐವತ್ತು ನಿಮಿಷ. ಅಷ್ಟರಲ್ಲಿ ಜಡಿ ಇಳಿದಿದ್ದರೆ ಕೆಳಗಿನವರಿಗೆ ಗೊತ್ತೇ ಆಗಲ್ಲ. ಗಂಟೆಗೆ ಎರಡು ಇಂಚು ಹೊಡೆದರೆ ಇಪ್ಪತ್ತೇ ನಿಮಿಷ, ಆಮೇಲೆ ಕೋಡಿ. ತುಂಬಿದ ಕಟ್ಟೆಯಾದರೆ ಒಂದು ನಿಮಿಷವೂ ಇಲ್ಲ. ನಿಮಗೆ ಆ ರಾತ್ರಿ ಆಗಿದ್ದು ಇದೇ.

ಆರಡಿ ಎತ್ತರಿಸುವ ಯೋಚನೆ ಬಿಡಿ. ಮಣ್ಣಿನ ಏರಿ, ಅದರ ಮೇಲೆ ಹೊಸ ಮಣ್ಣು, ಹಳೆಯ ಕೋಡಿ. ನೀರು ಏರಿಯ ತಲೆ ಹತ್ತಿದರೆ ಕಾಂಕ್ರೀಟು ಉಳಿದು ಮಣ್ಣು ಹೋಗುತ್ತೆ. ಮಣ್ಣಿನ ಅಣೆಕಟ್ಟುಗಳು ಒಡೆಯುವ ದೊಡ್ಡ ಕಾರಣವೇ ಅದು. 1979ರ ಆಗಸ್ಟ್‌ನಲ್ಲಿ ಗುಜರಾತಿನ ಮಚ್ಛು ಅಣೆಕಟ್ಟಿಗೂ ಹಾಗೇ ಆಗಿ ಮೋರ್ಬಿ ಪಟ್ಟಣ ಕೊಚ್ಚಿಹೋಯ್ತು. ಅದಕ್ಕೆ ಹೋಲಿಸಿದ್ರೆ ನಿಮ್ಮದು ಬೊಗಸೆ ನೀರು. ಆದರೂ ಕೆಳಗೆ ಲೈನ್ ಮನೆ ಇದೆ ಅಂತೀರಿ.

ಏಡಿ ಸಾರು

ಸಾರ್, ಏಡಿ ಏರಿಗೆ ತೂತು ಮಾಡಿದ್ರೂ ಒಡೆಯುತ್ತಂತೆ ಹೌದಾ? ಮಹಾರಾಷ್ಟ್ರದಲ್ಲಿ ಒಂದು ಡ್ಯಾಂ ಒಡೆದಾಗ ಅಲ್ಲಿನ ಮಂತ್ರಿಯೊಬ್ಬರು ಏಡಿಯನ್ನೇ ಅಪರಾಧಿ ಮಾಡಿದ್ರಲ್ಲ. ನಮ್ಮೂರಲ್ಲಿ ಹಾಗಾಗುವ ಸಂಭವವೇ ಇಲ್ಲ, ಕಕ್ಕಡ ಮುಗಿಯುವಷ್ಟರಲ್ಲಿ ಎಲ್ಲಾ ಸಾರಾಗಿರುತ್ತೆ.

ಹಳೇ ಟೇಪು

ನೀವು ಹೇಳಿದ್ದು ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು, 2019ರ ಜುಲೈ 2ರ ರಾತ್ರಿ. ಕೆಳಗಿನ ಮನೆಗಳು ಕೊಚ್ಚಿಹೋಗಿ ಜನ ಸತ್ತರು. ನಗಬೇಡಿ. ಏಡಿ, ಹೆಗ್ಗಣ, ಒಣಗಿದ ಮರದ ಬೇರು ಯಾವುದೇ ಇರಲಿ, ಏರಿಯೊಳಗೆ ದಾರಿ ಬಿದ್ದರೆ ನೀರು ಅದನ್ನೇ ಅಗಲ ಮಾಡಿಕೊಳ್ಳುತ್ತೆ. ಗದ್ದೆ ಬದುವಿನಲ್ಲಿ ನೋಡಿಲ್ವಾ? ಸಂಜೆ ಬೆರಳಷ್ಟು ತೂತು, ಬೆಳಿಗ್ಗೆ ಬದುವೇ ಇಲ್ಲ. ಏರಿಯ ಹೊರಮೈಯಲ್ಲಿ ಒಸರು ಕಂಡರೆ ನೀರಿನ ಬಣ್ಣ ನೋಡಿ. ತಿಳಿಯಾಗಿದ್ದರೆ ಸದ್ಯಕ್ಕೆ ಪರವಾಗಿಲ್ಲ. ಕೆಂಪಾಗಿ ಬರ್ತಿದ್ದರೆ ಒಳಗಿನ ಮಣ್ಣು ಹೊರಡ್ತಿದೆ ಅಂತಲೇ ಅರ್ಥ, ಕೆಳಗಿನವರನ್ನು ಎಬ್ಬಿಸಿ.

ಕೊಲ್ಲಿ ಪಕ್ಕದವರೇ, ಕೊಚ್ಚಿಹೋದ ಬಲಗಡೆಯಲ್ಲಿ ಒಸರು ಇದೆಯಾ?

ಕೊಲ್ಲಿ ಪಕ್ಕದವ

ಈಗಷ್ಟೇ ಹೋಗಿ ಬಂದೆ. ಇದೆ. ಸ್ಟೀಲ್ ಲೋಟದಲ್ಲಿ ಹಿಡಿದು ನೋಡಿದೆ, ತಿಳಿಯಾಗಿದೆ. ಒಂದು ಜಿಗಣೆ ಫ್ರೀ ಸಿಕ್ತು.

ಗದ್ದೆ ಬದು

ಎಲ್ಲರೂ ಕಟ್ಟೆಯ ಲೆಕ್ಕ ಹೇಳ್ತಾ ಇದ್ದೀರಿ, ನಾನು ಗದ್ದೆಯ ಲೆಕ್ಕ ಹೇಳ್ಲಾ?

ಒಂದು ಎಕರೆ ಗದ್ದೆ ಅರ್ಧ ಅಡಿ ನೀರು ಹಿಡಿದರೆ ಆರು ಲಕ್ಷ ಲೀಟರ್ ದಾಟುತ್ತೆ. 50 ಎಕರೆಗೆ 3 ಕೋಟಿ. ಅಂದ್ರೆ ಇಷ್ಟು ಖರ್ಚು ಮಾಡಿ ಕಟ್ಟಿದ ಅಣೆಕಟ್ಟಿನಷ್ಟೇ! ನಮ್ಮ ಅಜ್ಜಂದಿರು ಕೊಲ್ಲಿಯ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದು ಸುಮ್ಮನೆ ಅಲ್ಲ. ಈಗ ಆಳು ಸಿಗಲ್ಲ, ಭತ್ತದಲ್ಲಿ ಲಾಭ ಇಲ್ಲ ಅಂತ ಪಾಳು ಬಿಟ್ಟರು. ಕೆಲವರು ಚರಂಡಿ ಹೊಡೆದು ಅಡಿಕೆ ಹಾಕಿದರು, ಕೆಲವರು ಶುಂಠಿಗೆ ಕೊಟ್ಟರು, ರಸ್ತೆ ಬದಿಯದ್ದು ಮಣ್ಣು ತುಂಬಿ ಸೈಟಾಯ್ತು. ಮೇಲಿನವರು ನೀರು ಬೇಗ ಹೋಗಲಿ ಅಂತ ಚರಂಡಿ ತೆಗೀತಾರೆ. ಅದೇ ನೀರು ಕೆಳಗೆ ಬೇಗ ಬರುತ್ತೆ. ಬಂತು ಅಂತ ಅಣೆಕಟ್ಟು ಕಟ್ತಾರೆ.

ನಮ್ಮಲ್ಲಿ ಎರಡು ಎಕರೆ ಈಗಲೂ ನಾಟಿ ಮಾಡ್ತೇವೆ. ಕಾಫಿ ದುಡ್ಡು ಇಲ್ಲಿಗೆ ಹೋಗುತ್ತೆ ಅಂತ ಮಗ ಬೈತಾನೆ. ಬೈಯಲಿ.

ಹಳೇ ಟೇಪು

ಅಕ್ಕ, ಲೆಕ್ಕ ಸರಿಯಾಗಿದೆ, ಆದ್ರೆ ಒಂದು ತಿದ್ದುಪಡಿ. ಕಕ್ಕಡದಲ್ಲಿ ನಾಟಿ ಗದ್ದೆಯಲ್ಲಿ ನೀರು ಮೊದಲೇ ನಿಂತಿರುತ್ತೆ. ಹೊಸದಾಗಿ ಹಿಡಿಯುವುದು ನಿಂತ ನೀರಿನಿಂದ ಬದುವಿನ ತಲೆಯವರೆಗಿನ ಜಾಗ ಮಾತ್ರ. ಮೂರು ಇಂಚು ಅಂದರೂ ನಿಮ್ಮ ಲೆಕ್ಕ ಅರ್ಧಕ್ಕೆ ಇಳಿಯುತ್ತೆ. ಆದರೂ ಅರ್ಧ ಅಣೆಕಟ್ಟು ಪುಕ್ಕಟೆ ಸಿಕ್ಕ ಹಾಗೆಯೇ, ಅದನ್ನು ಒಪ್ಪಿದೆ.

ಗದ್ದೆ ಬದು

ಮಳೆ ಜೋರು ಬರುತ್ತೆ ಅಂದ್ರೆ ಹಿಂದಿನ ದಿನವೇ ಬದು ಕಡಿದು ನೀರು ಇಳಿಸ್ತೇವೆ ಮಾರಾಯ್ರೇ. ನಿಮ್ಮ ಹಲಗೆಯಂತೆ ಕಚ್ಕೊಳ್ಳಲ್ಲ ನಮ್ಮ ಬದು.

ಬಡಾವಣೆ ನಿವಾಸಿ

ನಾನು ಕಾವೇರಿ ದಂಡೆಯ ಕುಶಾಲನಗರ. ನಮ್ಮ ಬಡಾವಣೆಗೆ 2018ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಹೊಳೆ ಬಂತು. ಎರಡನೇ ಸಲ ಬರುವಾಗ ಫ್ರಿಜ್ಜನ್ನು ಮಂಚದ ಮೇಲೆ ಎತ್ತಿ ಇಟ್ಟಿದ್ದೆವು. ನೀರು ಇಳಿದ ಮೇಲೆ ನೋಡಿದ್ರೆ ಮಂಚ ಇದ್ದಲ್ಲೇ ಇದೆ, ಫ್ರಿಜ್ಜು ತೇಲಿ ಅಡುಗೆ ಮನೆ ಬಾಗಿಲಿಗೆ ಅಡ್ಡ ಬಿದ್ದಿದೆ. ಗೋಡೆಯ ಗೆರೆ ಎರಡು ಸಲ ಬಣ್ಣ ಹೊಡೆದರೂ ಮಳೆಗಾಲಕ್ಕೆ ಮತ್ತೆ ಕಾಣಿಸಿಕೊಳ್ಳುತ್ತೆ.

ನನ್ನ ಪ್ರಶ್ನೆ: ಇಂಥ ಕಿರು ಕಟ್ಟೆಗಳನ್ನು ಊರಿಗೊಂದರಂತೆ ನೂರು ಕಟ್ಟಿದರೆ ನಮಗೆ ಕೆಳಗೆ ಏನಾದರೂ ಕಡಿಮೆಯಾಗುತ್ತಾ?

ಹಳೇ ಟೇಪು

ನಿಜ ಹೇಳಿದರೆ ನಿಮಗೆ ಬೇಸರವಾದೀತು. ದಿನಕ್ಕೆ 1 ಟಿಎಂಸಿ (ನೂರು ಕೋಟಿ ಘನ ಅಡಿ) ಅಂದ್ರೆ 11,574 ಕ್ಯೂಸೆಕ್ ಇಡೀ ದಿನ ಹರಿದಂತೆ. ಅದು 2,800 ಕೋಟಿ ಲೀಟರಿಗೂ ಮೇಲೆ. 3 ಕೋಟಿಯ ನೂರು ಕಟ್ಟೆ ಸೇರಿದರೆ 300 ಕೋಟಿ. ಚಿಕ್ಲಿಹೊಳೆ ಜಲಾಶಯವನ್ನು ನಾವು ಸಣ್ಣದು ಅಂತೇವೆ, ಅದೇ 0.18 ಟಿಎಂಸಿ, ಅಂದ್ರೆ 500 ಕೋಟಿ ಲೀಟರ್. ಹಾರಂಗಿ 8.5 ಟಿಎಂಸಿ. ಕಾವೇರಿ ಮೈದುಂಬಿ ಬರುವಾಗ ನೂರು ಕಿರು ಕಟ್ಟೆ ಹೆಚ್ಚೆಂದರೆ ಎರಡೂವರೆ ಗಂಟೆಯ ಮಾತು, ಅದೂ ಎಲ್ಲವೂ ಖಾಲಿ ಇದ್ದು ಸರಿಯಾದ ಹೊತ್ತಿಗೆ ತುಂಬಿದರೆ. ಕಿರು ಅಣೆಕಟ್ಟು ಕಾಯುವುದು ತನ್ನ ಕೆಳಗಿನ ಒಂದೆರಡು ಕಿಲೋಮೀಟರನ್ನು. ಒಂದು ಮೋರಿ, ಒಂದು ಲೈನು, ಒಂದು ಬಯಲು ಗದ್ದೆ. ಕುಶಾಲನಗರವನ್ನು ಅಲ್ಲ.

ಚಿಕ್ಲಿಹೊಳೆ ಅಂದಾಗ ನೆನಪಾಯ್ತು. ಅಲ್ಲಿನ ದುಂಡು ಕೋಡಿ ನೋಡಿದ್ದೀರಲ್ಲ, ಎಲ್ಲರೂ ಫೋಟೋ ತೆಗೆಯುವುದು? ನೀರು ಆ ಮಟ್ಟಕ್ಕೆ ಏರಿದರೆ ಸುತ್ತಲಿಂದ ಬಾವಿಗೆ ಬಿದ್ದ ಹಾಗೆ ಬಿದ್ದು ಹೊರಗೆ ಹೋಗುತ್ತೆ. ಗೇಟು ತಿರುಗಿಸುವ ಆಳು ಬೇಡ, ಕರೆಂಟು ಬೇಡ, ರಾತ್ರಿ ಒಂದೂವರೆಗೆ ಹಾರೆ ಬೇಡ. ಸಣ್ಣ ಕಟ್ಟೆಗೂ ಅದೇ ಬುದ್ಧಿ ಬೇಕು: ಮನುಷ್ಯ ಮಲಗಿದ್ದರೂ ಕಟ್ಟೆ ತನ್ನ ಕೆಲಸ ಮಾಡ್ತಿರಬೇಕು.

ಅಮೆರಿಕದ ಓಹಾಯೋ ರಾಜ್ಯದಲ್ಲಿ 1913ರ ಪ್ರವಾಹ ಡೇಟನ್ ಪಟ್ಟಣವನ್ನು ಮುಳುಗಿಸಿತು. ಆಮೇಲೆ ಅಲ್ಲಿ ಮಯಾಮಿ ನದಿಯ ಕಣಿವೆಯಲ್ಲಿ ಐದು ಅಣೆಕಟ್ಟು ಕಟ್ಟಿ 1922ರಲ್ಲಿ ಮುಗಿಸಿದರು. ಒಂದಕ್ಕೂ ಗೇಟಿಲ್ಲ. ಬುಡದಲ್ಲಿ ಅಳತೆ ಮಾಡಿ ಬಿಟ್ಟ ದಾರಿ ಮಾತ್ರ. ಮಾಮೂಲಿ ದಿನದಲ್ಲಿ ಹೊಳೆ ಅದರೊಳಗೆ ಹಾದು ಹೋಗುತ್ತೆ. ಹೊಳೆ ಉಕ್ಕಿದಾಗ ಆ ದಾರಿ ಸಾಲದೆ ನೀರು ಹಿಂದೆ ನಿಲ್ಲುತ್ತೆ, ಆಮೇಲೆ ತಾನಾಗಿ ಇಳಿಯುತ್ತೆ. ನಿಮ್ಮ ಕಟ್ಟೆಯೂ ಮೊದಲ ಮಳೆಗಾಲ ಹೀಗೇ ಇತ್ತು. ಹಲಗೆ ಬರುವುದು ತಡವಾದದ್ದೇ ಒಳ್ಳೆಯದಾಯ್ತು ನೋಡಿ.

ಸಂಗಮದ ಹತ್ತಿರ

ಭಾಗಮಂಡಲದಲ್ಲಿ ನಾವು ಹೊಳೆ ತಡೆಯುವ ಆಸೆ ಬಿಟ್ಟು ರಸ್ತೆಯನ್ನೇ ಮೇಲೆತ್ತಿದ್ದೇವೆ. ಕಾವೇರಿ, ಕನ್ನಿಕೆ ಎರಡೂ ಒಟ್ಟಿಗೆ ಬಂದಾಗ ಸಂಗಮ ಮುಳುಗೇ ಮುಳುಗುತ್ತೆ. ಮೊದಲು ಊರು ದ್ವೀಪ. ಈಗ ಮೇಲ್ಸೇತುವೆಯಿಂದ ಕೆಳಗೆ ನೋಡ್ಕೊಂಡು ದಾಟ್ತೇವೆ. ನಿಮ್ಮ ಮೋರಿಯನ್ನೇ ದೊಡ್ಡದು ಮಾಡಿದ್ರೆ ಆಗ್ತಿರಲಿಲ್ವಾ?

ಪಂಚಾಯ್ತಿ ಕುರ್ಚಿ

ಮೋರಿ ದೊಡ್ಡದು ಮಾಡಿದ್ರೆ ರಸ್ತೆ ಉಳಿಯುತ್ತೆ ಸಾರ್, ಲೈನ್ ಮನೆಗೆ ನೀರು ಇನ್ನೂ ಬೇಗ ಹೋಗುತ್ತೆ. ನಮ್ಮಲ್ಲಿ ಎರಡೂ ಯೋಚಿಸಿದ್ದೆವು.

ನಾನು ಆ ಊರಿನವನಲ್ಲ, ಪಕ್ಕದ ಪಂಚಾಯ್ತಿಯಲ್ಲಿ ಸದಸ್ಯನಾಗಿದ್ದೆ. ನಮ್ಮಲ್ಲೂ ಒಂದಿದೆ. ಕಟ್ಟುವಾಗ ಎಲ್ಲರೂ ಬರ್ತಾರೆ, ಪೂಜೆ, ಫೋಟೋ, ಊಟ. ಆಮೇಲೆ ತೂಬಿನ ಜಾಲರಿಗೆ ಸಿಕ್ಕಿದ ಕಸ ತೆಗೆಯಲು ಒಬ್ಬ ಆಳಿನ ಕೂಲಿ ಯಾವ ಲೆಕ್ಕದಲ್ಲೂ ಬರಲ್ಲ. ಹೋದ ಸಲ ಜಾಲರಿಯಿಂದ ತೆಗೆದದ್ದು: ಸಿಲ್ವರ್ ಓಕ್ ಎಲೆ ಎರಡು ಜೀಪ್ ಲೋಡು, ಬಿದಿರು ಬುಡ, ಗೊಬ್ಬರದ ಚೀಲ, ಒಂದು ಜೊತೆ ಗಂಬೂಟು. ಎಡಗಾಲಿನದ್ದು ಇನ್ನೂ ಚೆನ್ನಾಗಿತ್ತು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆಯಲ್ಲ ಅಂತ ಒಬ್ಬ ವಕೀಲರನ್ನು ಕೇಳಿದೆ. ಅದು 15 ಮೀಟರಿಗಿಂತ ಎತ್ತರದ್ದಕ್ಕೆ, ಮತ್ತೆ ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನದ್ದಕ್ಕೆ. 18 ಅಡಿ ಅಂದ್ರೆ ಐದೂವರೆ ಮೀಟರ್. ಹಾಗಾಗಿ ಇದನ್ನು ನೋಡ್ಕೊಳ್ಳುವವರು ಊರವರೇ.

ಕಣದ ಮನೆ

ಸರಿ, ಲೆಕ್ಕ ಒಪ್ಪಿದೆ. ಮಳೆಗಾಲದಲ್ಲಿ ತೆಗೀರಿ. ಆದರೆ ಮತ್ತೆ ಹಾಕುವುದು ಯಾವಾಗ ಅಂತಲೂ ಬರೆದಿಡಿ, ಇಲ್ಲದಿದ್ರೆ ಅದೂ ಮರೆತು ಹೋಗುತ್ತೆ. ತುಲಾ ಸಂಕ್ರಮಣ ಕಳೆದ ಮೇಲೆ ಹಾಕಬಹುದಲ್ಲ? ಅಕ್ಟೋಬರ್ ಮೂರನೇ ವಾರ.

ಗದ್ದೆ ಬದು

ಈಗೀಗ ತುಲಾ ಸಂಕ್ರಮಣ ಆದ ಮೇಲೂ ಗುಡುಗು ಮಳೆ ಬಿಡ್ತಾ ಇಲ್ಲ. ಆಗ ನಮ್ಮ ತೆನೆ ಬಾಗಿರುತ್ತೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೀಲಿ. ಡಿಸೆಂಬರಲ್ಲಿ ಹಾಕಿದ್ರೂ ಕೊಲ್ಲಿಯಲ್ಲಿ ನೀರಿರುತ್ತೆ. ಮೂರು ಎಕರೆ ಕಟ್ಟೆ ತುಂಬಲು ಎಷ್ಟು ದಿನ ಬೇಕು?

ಕಣದ ಮನೆ

ಡಿಸೆಂಬರಲ್ಲಿ ನಮಗೆ ಕಾಫಿ ಕುಯ್ಲು. ಹಲಗೆ ಹೊರಲು ಯಾರು ಸಿಗ್ತಾರೆ, ನೀವು ಬರ್ತೀರಾ?

ಗದ್ದೆ ಬದು

ಬರ್ತೇನೆ. ಊಟ ಹಾಕ್ಸಿ.

ಮಡಿಕೇರಿ ಮಂಜು

ಹಾರಂಗಿಯಲ್ಲಿ 2018ರ ಭೂಕುಸಿತದ ಮಣ್ಣು ಬಂದು ಹೂಳು ತುಂಬಿದ್ದು ಎಲ್ಲರಿಗೂ ಗೊತ್ತು. ಸಣ್ಣ ಕಟ್ಟೆಗೆ ಇದು ಇನ್ನೂ ಬೇಗ ಆಗುತ್ತೆ. ಮೇಲೆ ಯಾರಾದರೂ ಜೆಸಿಬಿಯಲ್ಲಿ ಹೋಂಸ್ಟೇಗೆ ಗುಡ್ಡ ಕಡಿದರೆ ಒಂದೇ ಮಳೆಗಾಲಕ್ಕೆ ಕಟ್ಟೆ ಅರ್ಧ. ಹೂಳು ತೆಗೆಯಲು ಲಾರಿ ಹೋಗುವ ದಾರಿ ಬಿಟ್ಟಿದ್ದಾರಾ ನೋಡಿ. ನೂರರಲ್ಲಿ ತೊಂಬತ್ತು ಕಡೆ ಬಿಟ್ಟಿರಲ್ಲ. (ತೊಂಬತ್ತು ನನ್ನ ಸಿಟ್ಟಿನ ಲೆಕ್ಕ, ಸಮೀಕ್ಷೆ ಅಲ್ಲ.)

ಏಡಿ ಸಾರು

ಮೇಲೆ ತೋಟದಲ್ಲಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ಜಾಸ್ತಿ ತೆಗೆದ್ರೆ ಅಣೆಕಟ್ಟೇ ಬೇಡ ಅಂತಾರೆ ನಮ್ಮ ಮಾವ.

ಹಳೇ ಟೇಪು

ಮಾವನಿಗೆ ಹೇಳಿ, ಇಳಿಜಾರು ಕಡಿಮೆ ಇರುವಲ್ಲಿ ಒಳ್ಳೆಯದೇ. ಕಡಿದಾದ ಗುಡ್ಡದಲ್ಲಿ, ಮಣ್ಣು ಮೊದಲೇ ನೆನೆದಿರುವಾಗ, ಇನ್ನಷ್ಟು ನೀರು ಇಂಗಿಸುವುದು ಅಪಾಯ. 2018 ನೋಡಿದ ಮೇಲೆ ಇದನ್ನು ವಿವರಿಸಬೇಕಾಗಿಲ್ಲ.

ಕೆಳಗಿನ ಲೈನ್

ನಾನು ಆ ಲೈನ್ ಮನೆಯವಳು. ನನ್ನ ಮಗಳು ಇದನ್ನೆಲ್ಲ ಓದಿ ಹೇಳಿದಳು, ಅವಳೇ ಟೈಪ್ ಮಾಡ್ತಿದ್ದಾಳೆ.

ಆ ರಾತ್ರಿ ನಮ್ಮನ್ನು ಯಾರೂ ಎಬ್ಬಿಸಲಿಲ್ಲ. ಕಾಲಿಗೆ ತಣ್ಣಗಾದಾಗ ಎಚ್ಚರವಾಯ್ತು. ಪಾತ್ರೆ ತೇಲಿ ಗೋಡೆಗೆ ಬಡೀತಿತ್ತು. ಅಕ್ಕಿ ಡಬ್ಬ ಅಟ್ಟದಲ್ಲಿತ್ತು, ಮಕ್ಕಳ ಪುಸ್ತಕ ಕೆಳಗಿತ್ತು. ಸೌದೆ ಎಲ್ಲ ಹೋಯ್ತು. ನಾವು ಮೂರು ಮನೆಯವರು ಮೇಲಿನ ಕಾಫಿ ಗೋಡೌನಿಗೆ ಹೋಗಿ ಕೂತೆವು.

ನಾಲ್ಕು ಜನ ಹಲಗೆ ತೆಗೆಯಲು ಹೋದ್ರು ಅಂತ ಈಗ ಗೊತ್ತಾಯ್ತು. ಹೋಗುವಾಗ ದಾರಿಯಲ್ಲಿ ನಮ್ಮ ಬಾಗಿಲು ಬರುತ್ತೆ. ಅದೊಂದು ಬಡಿದಿದ್ದರೆ ಪುಸ್ತಕ ಉಳೀತಿತ್ತು. ಕಾಫಿ ಹೂ ಚೆನ್ನಾಗಿ ಬಂದದ್ದು ಒಳ್ಳೆಯದೇ, ಅದನ್ನು ಕೊಯ್ಯುವವರೂ ನಾವೇ.

ಕೊಲ್ಲಿ ಪಕ್ಕದವ

ಅಕ್ಕ, ಆ ನಾಲ್ಕರಲ್ಲಿ ನಾನೂ ಒಬ್ಬ. ಬಾಗಿಲು ಬಡಿಯಬೇಕು ಅಂತ ಹೊಳೆಯಲೇ ಇಲ್ಲ. ಹಲಗೆ ತೆಗೆದರೆ ಮುಗೀತು ಅಂತಲೇ ಓಡಿದೆವು. ತಪ್ಪಾಯ್ತು.

ಹಳೇ ಟೇಪು

ಇಷ್ಟು ಹೊತ್ತು ಕ್ಯೂಸೆಕ್ ಲೆಕ್ಕ ಹಾಕಿದ ನನಗೂ ಇದು ಮೊದಲು ಕೇಳಬೇಕಾದ ಪ್ರಶ್ನೆ ಅನ್ನಿಸಲಿಲ್ಲ. ಕಟ್ಟೆಯಲ್ಲಿ ಐವತ್ತು ನಿಮಿಷ ಸಿಗುತ್ತೆ ಅಂದೆನಲ್ಲ, ಅದು ಯಾರಿಗೆ ಸಿಗಬೇಕೋ ಅವರ ಕಿವಿಗೆ ಬೀಳದಿದ್ದರೆ ಉಪಯೋಗವಿಲ್ಲ. ಕಾಂಕ್ರೀಟಿನ ಮೇಲೆ ಬಣ್ಣದಲ್ಲಿ ಅಡಿ ಗುರುತು ಬರೆಸಿ. 10 ಅಡಿಗೆ ಹಳದಿ ಗೆರೆ, 14ಕ್ಕೆ ಕೆಂಪು. ಹಳದಿ ಮುಟ್ಟಿದ ಕೂಡಲೇ ಲೈನಿಗೆ ಫೋನು. ರಾತ್ರಿ ಫೋನು ಸಿಗಲ್ಲ ಅಂತಾದರೆ ಒಂದು ಗಂಟೆ ನೇತುಹಾಕಿ, ಸ್ಕೂಲಿನದ್ದು ಹಳೆಯದಿದ್ದರೆ ಅದೇ ಸಾಕು.

ಬಡಾವಣೆ ನಿವಾಸಿ

ಇದು ನಮಗೂ ಬೇಕಿತ್ತು. ನಾವು ಎಚ್ಚರಿಕೆಯನ್ನು ವಾಟ್ಸಾಪಲ್ಲಿ ನೋಡುವಾಗ ನೀರು ಗೇಟಿನ ಒಳಗಿತ್ತು.

ಕೊಲ್ಲಿ ಪಕ್ಕದವ

ಹತ್ತು ದಿನ ಕಳೆದು ಬರೀತಿದ್ದೇನೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ ನೀರು ಸ್ವಲ್ಪ ಇಳೀತು. ಚೈನ್ ಬ್ಲಾಕ್ ತಂದು ಉಳಿದ ಹಲಗೆಯನ್ನು ಒಂದೊಂದಾಗಿ ಎತ್ತಿದೆವು. ಎಲ್ಲ ಒಂದೇ ದಿನ ತೆಗೀಬೇಡಿ, ಕೆಳಗೆ ನೀವೇ ಪ್ರವಾಹ ತರ್ತೀರಿ ಅಂತ ಟೇಪು ಸಾರ್ ಖಾಸಗಿಯಾಗಿ ಬೈದು ಹೇಳಿದ್ದರು. ಮೂರು ದಿನ ಹಿಡೀತು. ಕೊಚ್ಚಿಹೋದ ಜಾಗಕ್ಕೆ ಸದ್ಯಕ್ಕೆ ಮರಳು ಚೀಲ, ಮೇಲೆ ಕಲ್ಲು. ಒಸರು ಕಡಿಮೆಯಾಗಿದೆ, ತಿಳಿಯಾಗೇ ಇದೆ.

ಮೊನ್ನೆ ರಾತ್ರಿ ನಾಲ್ಕು ಇಂಚು ಬಿತ್ತು. ಬೆಳಿಗ್ಗೆ ಆರಕ್ಕೆ ನೋಡಿದ್ರೆ ಕಟ್ಟೆಯ ಗೋಡೆ ಮೇಲೆ ಒಂಬತ್ತು ಅಡಿಯವರೆಗೆ ಹಸಿ ಗೆರೆ, ನೀರು ಮಾತ್ರ ಆಗಲೇ ಇಳಿದು ನಾಲ್ಕಡಿಯಲ್ಲಿ. ಮೋರಿ ಒಣಗಿತ್ತು ಅಂತಲ್ಲ, ಆದರೆ ಹಾಲಿನ ಜೀಪು ದಾಟಿತು.

ಹಲಗೆ ಯಾರ ಹತ್ತಿರ ಇರಬೇಕು ಅಂತ ಸಭೆಯಲ್ಲಿ ಒಂದು ಗಂಟೆ ಜಗಳ. ತೋಟದವರ ಗೋಡೌನ್ ಬೇಡ ಅಂತ ಗದ್ದೆಯವರು, ಪಂಚಾಯ್ತಿ ಕಟ್ಟಡ ಸೋರುತ್ತೆ ಅಂತ ಪಂಚಾಯ್ತಿಯವರೇ. ಕೊನೆಗೆ ಲೈನಿನ ಅಕ್ಕನ ಮನೆಯ ಜಗಲಿ ಮೇಲೆ ಇಡುವುದು ಅಂತಾಯ್ತು. ಹಲಗೆ ಬೇಕಾದವರು ಅವರನ್ನೇ ಕೇಳಿ ತಗೊಂಡು ಹೋಗಬೇಕು. ಹಾಕುವ ದಿನದ ಬಗ್ಗೆ ಮಾತ್ರ ಇನ್ನೂ ತೀರ್ಮಾನ ಇಲ್ಲ, ತುಲಾ ಸಂಕ್ರಮಣ ಮತ್ತು ಪುತ್ತರಿ ನಡುವೆ ಎಳೆದಾಟ ನಡೀತಿದೆ.

ಹಲಗೆಗೆ ಬಿಳಿ ಬಣ್ಣದಲ್ಲಿ ನಂಬರ್ ಬರೆದೆವು. ಐದೇ ಇದೆ. ಆ ರಾತ್ರಿ ಮೊದಲು ತೆಗೆದು ದಂಡೆಗೆ ಹಾಕಿದ್ದ ಮೇಲಿನ ಹಲಗೆ ನಾಪತ್ತೆ. ಹೆಬ್ಬಲಸಿನದ್ದು, ಎಂಟಡಿ ಉದ್ದ, ಎರಡು ಕಡೆ ಕಬ್ಬಿಣದ ಕಿವಿ. ಯಾರಾದರೂ ತೋಡಿಗೆ ಸಂಕ (ಕಾಲುಸೇತುವೆ) ಮಾಡ್ಕೊಂಡಿದ್ದರೆ ಸುಮ್ಮನೆ ತಂದು ಜಗಲಿಯಲ್ಲಿಟ್ಟು ಹೋಗಿ, ಯಾರೂ ಏನೂ ಕೇಳಲ್ಲ.

ಏಡಿ ಸಾರು

ಕಿವಿ ಇರುವುದಾ? ನಮ್ಮ ಮಾವನ ತೋಡಿನ ಹತ್ತಿರ ಒಂದು ನೋಡಿದ ಹಾಗಿದೆ. ನಾಳೆ ಬೆಳಿಗ್ಗೆ ಹೋಗಿ ನೋಡ್ತೇನೆ, ನನ್ನ ಹೆಸರು ಹೇಳ್ಬೇಡಿ.